ಅರಳೆಯ ಹೊಟ್ಟೆಗೆ ಹೋದ ಪ್ರಸಾದ

ಕಾಂತಮ್ಮ ಒಂದು ಕಡೆ ಕೂತದ್ದನ್ನು ನೋಡಿದವರು ಹಳೇಬೀಡಿನಲ್ಲಿ ಕಡಿಮೆ. ವಯಸ್ಸು ಅರವತ್ತೊಂದು, ಮೈಯಲ್ಲಿ ಸಕ್ಕರೆ ಕಾಯಿಲೆ, ಎಡ ಮಂಡಿಯಲ್ಲಿ ನೋವು. ಆದರೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮುಂಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಕೊಬ್ಬರಿ ಅಟ್ಟಕ್ಕೆ, ಅಟ್ಟದಿಂದ ಮತ್ತೆ ಅಡುಗೆಮನೆಗೆ ಓಡಾಡುತ್ತಲೇ ಇರುತ್ತಾಳೆ. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು ಹಾಲು ಉಕ್ಕಿತೇ ಎಂದು ನೋಡಿ ಬರಬೇಕು. ಗಂಡ ಚನ್ನಬಸವಯ್ಯ ಕೊಬ್ಬರಿ ವ್ಯಾಪಾರಿ, ವಾರಕ್ಕೆರಡು ಸಲ ಅರಸೀಕೆರೆ ಮಂಡಿಗೆ ಹೋಗಿ ಬರುವ ಮನುಷ್ಯ. "ನಾನು ಅರಸೀಕೆರೆಗೆ ಹೋಗಿ ಬರೋದ್ರೊಳಗೆ ನೀನು ಮನೆಯೊಳಗೇ ಅರಸೀಕೆರೆಗೆ ಹೋಗಿ ಬಂದಿರ್ತೀಯ ಕಣೇ" ಎಂದು ನಗುತ್ತಾನೆ.

ಜಾವಗಲ್ ಕಡೆಯಿಂದ ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವಳು. ಅಂದಿನಿಂದ ಇಂದಿನವರೆಗೆ ಸ್ನಾನ, ಲಿಂಗಪೂಜೆ ಮುಗಿಯದೆ ಬಾಯಿಗೆ ತೊಟ್ಟು ನೀರು ಬಿಟ್ಟವಳಲ್ಲ. ಮಠ ಎಂದರೆ ಪ್ರಾಣ. ಮನೆಯಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು. ಪ್ರಸಾದ ಎಂದು ಕೈಗೆ ಬಂದದ್ದರಲ್ಲಿ ಒಂದು ಅಗುಳೂ ನೆಲಕ್ಕೆ ಬೀಳಕೂಡದು, ಮುಸುರೆಗೆ ಸೇರಕೂಡದು, ತಿಪ್ಪೆಗಂತೂ ಹೋಗಲೇಕೂಡದು. ಮಕ್ಕಳು ತಟ್ಟೆಯಲ್ಲಿ ಬಿಟ್ಟರೆ ತಾನೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿ ಪ್ರಸಾದವನ್ನು ಏನು ಮಾಡುವುದೆಂಬ ಪೇಚಾಟ ಶುರುವಾಯಿತು. ಅದನ್ನು ಬಗೆಹರಿಸಿದ್ದು ಒಂದು ನಾಯಿ.

ಎಂಟು ವರ್ಷದ ಹಿಂದೆ ಚನ್ನಬಸವಯ್ಯ ಅರಸೀಕೆರೆಯಿಂದ ಬರುವಾಗ ಕೊಬ್ಬರಿ ಚೀಲದೊಳಗೆ ಒಂದು ಬಿಳಿ ಮರಿ ತಂದಿದ್ದ. ಮಂಡಿಯ ಸ್ನೇಹಿತನ ಮನೆಯಲ್ಲಿ ಐದು ಹುಟ್ಟಿದ್ದವಂತೆ. "ಪಾಮೇರಿಯನ್ನು ಕಣೇ, ಭಾರಿ ಜಾತಿ" ಎಂದ. "ಅದು ಒಳಗೆ ಬಂದ್ರೆ ನಾನು ಹೊರಗೆ" ಎಂದಳು ಕಾಂತಮ್ಮ. ಮೂರು ದಿನ ಜಗಲಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಮರಿ ನಾಲ್ಕನೆಯ ದಿನ, ಅವಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ಮೆಲ್ಲಗೆ ಒಳಗೆ ಬಂದು ಅರಳೆಯ ಬುಟ್ಟಿಯಲ್ಲೇ ಮಲಗಿಬಿಟ್ಟಿತು. ಹತ್ತಿ ಯಾವುದು, ನಾಯಿ ಯಾವುದು ಹೇಳುವ ಹಾಗಿರಲಿಲ್ಲ. ಆವತ್ತಿನಿಂದ ಅದರ ಹೆಸರು ಅರಳೆ, ಅದರ ಜಾಗ ಅಡುಗೆಮನೆಯ ಹೊಸ್ತಿಲು. ಅವಳ ಪೂಜೆ ಮುಗಿಯುವ ತನಕ ಅದೂ ಏನೂ ತಿನ್ನುತ್ತಿರಲಿಲ್ಲ. ಮುಗಿದ ಮೇಲೆ ಬೆಚ್ಚಗಿನ ಮೊಸರನ್ನ, ಮೇಲೊಂದು ಚಮಚ ತುಪ್ಪ. "ಅದಕ್ಕೂ ಒಂದು ಲಿಂಗ ಕಟ್ಟಿಸಿಬಿಡು" ಎಂದು ಚನ್ನಬಸವಯ್ಯ ರೇಗಿಸುತ್ತಿದ್ದ.

ಆ ನಾಯಿಯನ್ನು ನಾಯಿಯ ಹಾಗೆ ನೋಡಿಕೊಂಡವನು ಎಂದರೆ ಗಂಗಯ್ಯ ಒಬ್ಬನೇ. ಗೆಂಡೆಹಳ್ಳಿಯವನು, ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿ ಎಮ್ಮೆಗಳ ಮೂಗು ಹಿಡಿದು ನಿವೃತ್ತನಾದವನು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಮಗಳು ಧನುಶ್ರೀ ಚಿಕ್ಕಮಗಳೂರಿನಲ್ಲಿ ನರ್ಸು. ಪಿಂಚಣಿ ಬರುತ್ತಿದ್ದರೂ ಸುಮ್ಮನಿರಲಾರದೆ, ಚೀಲದಲ್ಲಿ ನಾಲ್ಕು ತರದ ಬಾಚಣಿಗೆ ಹಾಕಿಕೊಂಡು ಬೇಲೂರು, ಹಳೇಬೀಡಿನ ಮನೆಗಳ ನಾಯಿಗಳಿಗೆ ಸ್ನಾನ ಮಾಡಿಸಿ ಬಾಚಿ ಬರುತ್ತಿದ್ದ. ಭಾನುವಾರ ಅರಳೆಯ ಸರದಿ. ಹಿತ್ತಿಲ ಕಟ್ಟೆಯ ಮೇಲೆ ಅವನು ಕೂರುವುದು, ಎದುರಿಗೆ ನಾಯಿ. ಕಾಂತಮ್ಮ ಅವನಿಗೆ ಟೀ ಕೊಡುತ್ತಿದ್ದದ್ದು ಕಾಗದದ ಲೋಟದಲ್ಲಿ. ತೊಳೆಯುವ ತಾಪತ್ರಯ ಇಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನಾಯಿಯ ತಟ್ಟೆಯನ್ನು ಮಾತ್ರ ದಿನಕ್ಕೆರಡು ಸಲ ತೊಳೆಯುತ್ತಿದ್ದಳು.

"ಇದು ಪಾಮೇರಿಯನ್ ಅಲ್ಲ ಕಣಮ್ಮ" ಎಂದು ಮೊದಲ ದಿನವೇ ಹೇಳಿದ್ದ ಗಂಗಯ್ಯ. "ಇಂಡಿಯನ್ ಸ್ಪಿಟ್ಜ್ ಅಂತಾರೆ. ಬ್ರಿಟಿಷ್ನೋರು ತಂದಿದ್ ನಾಯಿಗುಳ ವಂಸ. ಇಲ್ಲೇ ಹುಟ್ಟಿ ಇಲ್ಲೇ ಬೆಳ್ದು ನಮ್ ಬಿಸ್ಲಿಗೆ ಹೊಂದ್ಕಂಡ್ವು. ಹೊರದೇಸದ್ ನಾಯಿ ಸಿಕ್ದೇ ಇದ್ದ ಕಾಲ್ದಲ್ಲಿ ಮೇಷ್ಟ್ರು, ಬ್ಯಾಂಕ್ನೋರು, ಎಲ್ರ ಮನೇಲೂ ಇದೇಯ. ಮೊಸ್ರನ್ನಕ್ಕೂ ಸೈ, ಮುದ್ದೆಗೂ ಸೈ."

ಒಂದು ಬೇಸಿಗೆಯಲ್ಲಿ ಚನ್ನಬಸವಯ್ಯ ಸೆಕೆಗೆ ನಾಯಿಯ ಕೂದಲು ಬೋಳಿಸಿಬಿಡೋಣ ಎಂದಾಗ ಗಂಗಯ್ಯ ಹೌಹಾರಿದ್ದ. ಹೊರಗಿನ ಉದ್ದ ಕೂದಲು ಒಂದು, ಅದರ ಕೆಳಗಿನ ಮೆತ್ತನೆಯ ಒಳಗೂದಲು ಇನ್ನೊಂದು, ಎರಡೂ ಸೇರಿ ಬಿಸಿಲನ್ನೂ ತಡೆಯುತ್ತವೆ ಚಳಿಯನ್ನೂ ತಡೆಯುತ್ತವೆ ಎಂದು ಬೆರಳಿನಿಂದ ಬಿಡಿಸಿ ತೋರಿಸಿದ. "ಅದ್ರ ಸೂರು ಕಿತ್ತಾಕ್ಬುಟ್ಟು ತಣ್ಣಗಾಯ್ತದೆ ಅಂತೀರಲ್ಲ ಸಾಮಿ" ಎಂದ. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂದೊಡೆಯ ಕುಚ್ಚಿನಲ್ಲಿ ಸಿಕ್ಕು ಬೀಳದಂತೆ ವಾರಕ್ಕೆರಡು ಸಲ ಬಾಚಬೇಕು, ಸ್ನಾನವಾದ ಮೇಲೆ ಬುಡದ ತನಕ ಒಣಗಿಸಬೇಕು, ಈರುಳ್ಳಿ ಹಾಕಬಾರದು, ಚಾಕೊಲೇಟು ತೋರಿಸಲೂಬಾರದು. ಕಾಂತಮ್ಮ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದಳು. ವಾರಕ್ಕೊಂದು ಮೊಟ್ಟೆ ಹಾಕಿ ಎಂದದ್ದಕ್ಕೆ ಮಾತ್ರ ಕಣ್ಣು ಕೆಂಪಗೆ ಮಾಡಿದಳು. ಒಣದ್ರಾಕ್ಷಿಯ ಮಾತನ್ನು ಯಾರೂ ಎತ್ತಿರಲಿಲ್ಲ.

ಕಾರ್ತಿಕ ಸೋಮವಾರ ಮನೆಯಲ್ಲಿ ಮಠದ ಸ್ವಾಮಿಗಳ ಪಾದಪೂಜೆ. ಸ್ವಾಮಿಗಳು ಬರುತ್ತಾರೆಂದು ಆ ವಾರ ಗಂಗಯ್ಯನನ್ನು ಭಾನುವಾರದ ಬದಲು ಸೋಮವಾರ ಬೆಳಗ್ಗೆಯೇ ಕರೆಸಿದ್ದರು. ಅವನು ಅರಳೆಗೆ ಸ್ನಾನ ಮಾಡಿಸಿ, ಒಣಗಿಸಿ, ಬಾಚಿ, ಕುತ್ತಿಗೆಯ ಹಿಂದೆ ಉಣುಗಿನ ಔಷಧಿ ಎರಡು ತೊಟ್ಟು ಬಿಟ್ಟು ಹೊರಟುಹೋದ. ಮಧ್ಯಾಹ್ನ ಪೂಜೆ, ಆಮೇಲೆ ಪಂಕ್ತಿ. ಸಜ್ಜಿಗೆಗೆ ಕೈ ಬಿಗಿ ಮಾಡಿದರು ಅನ್ನಿಸಿಕೊಳ್ಳಬಾರದೆಂದು ಚನ್ನಬಸವಯ್ಯ ದ್ರಾಕ್ಷಿ, ಗೋಡಂಬಿ ಸುರಿಸಿದ್ದ. ಆದರೆ ಈಗಿನ ಮಕ್ಕಳಿಗೆ ದ್ರಾಕ್ಷಿ ಆಗುವುದಿಲ್ಲವಲ್ಲ! ಮೊಮ್ಮಗಳು ಮೇಘಶ್ರೀಯಿಂದ ಹಿಡಿದು ಪಂಕ್ತಿಯಲ್ಲಿ ಕೂತ ಅಷ್ಟೂ ಮಕ್ಕಳು ಸಜ್ಜಿಗೆ ತಿಂದು, ತುಪ್ಪದಲ್ಲಿ ಉಬ್ಬಿದ ದ್ರಾಕ್ಷಿಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು ಎದ್ದಿದ್ದರು. ಕಾಂತಮ್ಮ ಆ ಸಾಲುಗಳ ಮುಂದೆ ನಿಂತಳು. ಸ್ವಾಮಿಗಳ ಹಸ್ತ ಸೋಕಿದ ಪ್ರಸಾದ. ತಾನು ತಿಂದರೆ ಸಕ್ಕರೆ ಏರುತ್ತದೆ, ಬಿಟ್ಟರೆ ತಿಪ್ಪೆ ಸೇರುತ್ತದೆ. ತಟ್ಟೆ ತಟ್ಟೆಯಿಂದ ಆರಿಸಿ ಬಟ್ಟಲು ತುಂಬಿಸಿಕೊಂಡು ಹೊಸ್ತಿಲ ಬಳಿ ಬಂದಳು. "ನೀನಾದ್ರೂ ಪುಣ್ಯ ಕಟ್ಕಳಪ್ಪ" ಎಂದು ಮೂರು ಹಿಡಿಯಷ್ಟನ್ನು ಅಂಗೈಯಲ್ಲೇ ಹಿಡಿದು ತಿನ್ನಿಸಿದಳು. ಅರಳೆ ಬೆರಳುಗಳ ಸಂದಿಯನ್ನೂ ನೆಕ್ಕಿತು.

ದೀಪ ಹಚ್ಚುವ ಹೊತ್ತಿಗೆ ನಾಯಿ ವಾಂತಿ ಮಾಡಿಕೊಂಡಿತು. ಜನ ಜಾಸ್ತಿ ಇದ್ದರು, ಗಾಬರಿಯಾಗಿದೆ ಎಂದುಕೊಂಡರು. ಮತ್ತೆರಡು ಸಲ ಮಾಡಿಕೊಂಡಿತು. ಬೆಳಗ್ಗೆ ನೋಡಿದರೆ ಹೊಸ್ತಿಲ ಬಳಿ ಚಪ್ಪಟೆಯಾಗಿ ಬಿದ್ದಿದೆ, ಮೊಸರನ್ನ ಮೂಸಿಯೂ ನೋಡಲಿಲ್ಲ. ಬೇಲೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ರಾಜಶೇಖರ್ ರಜೆ ಹಾಕಿ, ಪಶುವೈದ್ಯ ಉದಯಕುಮಾರನನ್ನು ಮನೆಗೇ ಕರೆತಂದ. ಡಾಕ್ಟರು ಹೊಟ್ಟೆ ಒತ್ತಿ, ಒಸಡು ನೋಡಿ, ಒಂದೊಂದಾಗಿ ಕೇಳಿದ.

"ಇಲಿ ಪಾಷಾಣ ಏನಾದ್ರೂ ಇಟ್ಟಿದ್ರಾ? ಈರುಳ್ಳಿ? ಚಾಕೊಲೇಟ್? ದ್ರಾಕ್ಷಿ, ಒಣದ್ರಾಕ್ಷಿ ತಿಂದಿತ್ತಾ?"

"ದ್ರಾಕ್ಷಿ ತಿಂದ್ರೆ ಏನಾಗುತ್ತೆ ಸಾರ್?" ಎಂದ ರಾಜಶೇಖರ್.

"ಕೆಲವು ನಾಯಿಗಳಿಗೆ ಕಿಡ್ನಿನೇ ನಿಂತುಹೋಗುತ್ತೆ. ಬೇಗ ಗೊತ್ತಾದ್ರೆ ಡ್ರಿಪ್ ಹಾಕಿ ಉಳಿಸಬಹುದು. ಏನಮ್ಮಾ, ತಿಂದಿತ್ತಾ?"

ಕಾಂತಮ್ಮನ ಬಾಯಿ ಅವಳನ್ನು ಕೇಳದೆ "ಇಲ್ಲ" ಎಂದುಬಿಟ್ಟಿತು.

ಯಾಕೆ ಹಾಗಂದಳೋ ಅವಳಿಗೇ ತಿಳಿಯಲಿಲ್ಲ. ಮಗ ಮುಖವನ್ನೇ ನೋಡುತ್ತಿದ್ದ, ಅದೊಂದು. ತನ್ನ ಕೈಯಾರೆ ತಿನ್ನಿಸಿದ್ದು, ಅದು ಇನ್ನೊಂದು. ಅದಕ್ಕಿಂತ ಹೆಚ್ಚಾಗಿ, ನಲವತ್ತೆರಡು ವರ್ಷ ಕಣ್ಣಿಗೊತ್ತಿಕೊಂಡು ತಿಂದ ಪ್ರಸಾದವನ್ನು ವಿಷ ಎಂದು ಹೇಳಲು ನಾಲಿಗೆ ಏಳಲಿಲ್ಲ. ಪ್ರಸಾದದಿಂದ ಯಾರಿಗಾದರೂ ಕೆಟ್ಟದ್ದಾದೀತೇ? ಆಗಲಾರದು. ಹಾಗಾದರೆ ನಾಯಿ ಯಾಕೆ ಹೀಗೆ ಬಿದ್ದಿದೆ? ಅವಳು ಅಡುಗೆಮನೆಗೆ ಹೋದಳು, ಒಲೆಯ ಮೇಲೆ ಏನೂ ಇರಲಿಲ್ಲ, ವಾಪಸು ಬಂದಳು.

"ನಿನ್ನೆ ಉಣುಗಿಗೆ ಔಷಧಿ ಹಾಕಿದ್ರು ಸಾರ್" ಎಂದ ರಾಜಶೇಖರ್.

"ಹೆಚ್ಚಾಗಿದ್ರೂ ವಾಂತಿ ಆಗಬಹುದು. ಖಚಿತವಾಗಿ ಹೇಳೋಕಾಗಲ್ಲ" ಎಂದ ಡಾಕ್ಟರು. ಇಂಜೆಕ್ಷನ್ ಕೊಟ್ಟು, ಸಂಜೆಯೊಳಗೆ ಮೂತ್ರ ಮಾಡದಿದ್ದರೆ ತಡಮಾಡದೆ ಹಾಸನಕ್ಕೆ ಒಯ್ಯಿರಿ ಎಂದು ಹೇಳಿ ಹೋದ.

ಡಾಕ್ಟರ ಬೈಕು ತಿರುವು ದಾಟುವ ಮೊದಲೇ ರಾಜಶೇಖರ್ ಗಂಗಯ್ಯನಿಗೆ ಫೋನು ಹಚ್ಚಿದ್ದ. "ಏನ್ ಹಾಕ್ದೆ ನೀನು ನಾಯಿಗೆ? ಸಾಯ್ತಾ ಬಿದ್ದಿದೆ ಇಲ್ಲಿ!" ಎಂದು ಕೂಗಾಡಿದ. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಬೇಲೂರು ಹಳೇಬೀಡಿನ ನಾಯಿ ಸಾಕಿದವರದೊಂದು ವಾಟ್ಸಪ್ ಗುಂಪಿತ್ತು, ಅರವತ್ತು ಮನೆ. ಕಾಂತಮ್ಮನೂ ಅದರಲ್ಲಿದ್ದಳು. ಟೈಪು ಮಾಡಲು ಬಾರದೆ, ಗುಂಡಿ ಒತ್ತಿ ಹಿಡಿದು ಮಾತಾಡಿಯೇ ಕಳಿಸುವವಳು. ಆ ಗುಂಪಿಗೆ ಮಗ ಬರೆದು ಹಾಕಿದ: ಗೆಂಡೆಹಳ್ಳಿ ಗಂಗಯ್ಯನ ಔಷಧಿಯಿಂದ ನಮ್ಮ ನಾಯಿ ಸಾಯುವ ಸ್ಥಿತಿಯಲ್ಲಿದೆ, ಯಾರೂ ಅವನನ್ನು ಮನೆಗೆ ಸೇರಿಸಬೇಡಿ. ಬರೆದದ್ದನ್ನು ತಾಯಿಗೆ ಓದಿಯೂ ಹೇಳಿದ. ಕಾಂತಮ್ಮ ಬಾಯಿ ತೆರೆದಳು. "ನೀರು ಕುಡ್ದು ಬತ್ತೀನಿ" ಎಂದು ಒಳಗೆ ಹೋಗಿಬಿಟ್ಟಳು. ನನಗೆ ಅವಳ ಮೇಲೆ ಸಿಟ್ಟು ಬರುವುದು ಇಲ್ಲೇ. ಆ ಒಂದು ಲೋಟ ನೀರಿನ ಹೊತ್ತಿನಲ್ಲಿ ಅರವತ್ತು ಮನೆಗೆ ಸುದ್ದಿ ಮುಟ್ಟಿತು.

ಸಿಕ್ಕಿದ ಬಸ್ಸು ಹಿಡಿದು ಗಂಗಯ್ಯ ಅಂದೇ ಹನ್ನೊಂದಕ್ಕೆ ಬಂದ. ಕೈಯಲ್ಲಿ ಉಣುಗಿನ ಔಷಧಿಯ ಡಬ್ಬಿ. ರಾಜಶೇಖರ್ ಅದನ್ನು ಕಿತ್ತುಕೊಂಡು, ಮೇಲಿನ ಸಣ್ಣ ಅಕ್ಷರ ಓದುತ್ತಾ ಪಡಸಾಲೆಯಲ್ಲಿ ನಿಂತ. ಗಂಗಯ್ಯ ಅವನ ಜೊತೆ ವಾದಕ್ಕೆ ನಿಲ್ಲಲಿಲ್ಲ. ನಾಯಿಯನ್ನು ಎತ್ತಿಕೊಂಡು ಹಿತ್ತಿಲ ಕಟ್ಟೆಗೆ ಹೋದ. ಅರಳೆ ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು. ಹಿಂದೊಡೆಯ ಬಿಳಿ ಕುಚ್ಚೆಲ್ಲ ಹೇಲು ಮೆತ್ತಿ ಗಂಟಾಗಿತ್ತು. ಬಿಸಿನೀರು ತರಿಸಿ, ಅಗಲ ಬಾಚಣಿಗೆಯಿಂದ ಮೆಲ್ಲಗೆ ಬಿಡಿಸುತ್ತಾ ಹೋದವನು ಒಮ್ಮೆಗೇ ಕೈ ನಿಲ್ಲಿಸಿದ. ಬಾಚಣಿಗೆಯ ಹಲ್ಲಿನಲ್ಲಿ ಸಿಕ್ಕಿದ್ದನ್ನು ನೀರಿನಲ್ಲಿ ತೊಳೆದು ಅಂಗೈ ಮೇಲಿಟ್ಟು ಕಾಂತಮ್ಮನಿಗೆ ತೋರಿಸಿದ. ಎರಡು ದ್ರಾಕ್ಷಿ, ಉಬ್ಬಿದ್ದವು ಉಬ್ಬಿದ ಹಾಗೇ ಇದ್ದವು.

"ಎಷ್ಟು ತಿಂತಮ್ಮ?"

ಕಾಂತಮ್ಮ ಮೂರು ಬೆರಳು ತೋರಿಸಿದಳು. ಆಮೇಲೆ ಮುಷ್ಟಿ ಹಿಡಿದು ತೋರಿಸಿದಳು.

"ಡಾಕ್ಟ್ರಿಗೆ ಹೇಳುದ್ರಾ?"

"ಇಲ್ಲ."

"ಯಾಕಮ್ಮ?"

"ಪ್ರಸಾದ ಗಂಗಯ್ಯ ಅದು. ಸ್ವಾಮಿಗುಳು ಮುಟ್ಟಿದ್ದು." ಅವಳ ಕಣ್ಣಲ್ಲಿ ನೀರು ತುಂಬಿತು. "ನೀನೇ ಹೇಳ್ಬುಡು ಅವ್ನಿಗೆ."

ಗಂಗಯ್ಯ ಪಡಸಾಲೆಯ ಕಡೆ ನೋಡಿ ದನಿ ಇಳಿಸಿದ. "ನಾನು ಹೇಳುದ್ರೆ ಏನಾಯ್ತದೆ ನಿಮ್ಗೇ ಗೊತ್ತು. ಗಂಗಯ್ಯ ತನ್ ತಪ್ಪು ಮುಚ್ಕಳಕೆ ಸ್ವಾಮಿಗುಳ್ ಪ್ರಸಾದುಕ್ಕೆ ಇಸ ಅಂದ ಅಂತಾರೆ. ನಾಳೀಕೆ ನಾನು ಈ ಬೀದೀಲಿ ತಲೆ ಎತ್ಕಂಡು ಓಡಾಡ್ಬೇಕೋ ಬ್ಯಾಡ್ವೋ? ನೀವೇ ಹೇಳ್ಬೇಕು. ಈಗ್ಲೇ ಹೇಳಿ. ಅದು ನೆನ್ನೆಯಿಂದ ಉಚ್ಚೆ ಹುಯ್ದಂಗಿಲ್ಲ."

ಕಾಂತಮ್ಮ ಹೇಳುತ್ತೇನೆಂದೇ ಎದ್ದಳು. ಪಡಸಾಲೆಗೆ ಹೋದರೆ ರಾಜಶೇಖರ್ ಫೋನಿನಲ್ಲಿದ್ದ. ಕೊಬ್ಬರಿ ಅಟ್ಟದ ಮೆಟ್ಟಿಲ ತನಕ ಹೋಗಿ ಹಿಂದಿರುಗಿದಳು. ಅರಸೀಕೆರೆಗೆ ಹೊರಟಿದ್ದ ಚನ್ನಬಸವಯ್ಯ ಸುದ್ದಿ ತಿಳಿದು ಅರ್ಧ ದಾರಿಯಿಂದಲೇ ವಾಪಸು ಬಂದ. ಅವನಿಗೆ ಮಜ್ಜಿಗೆ ಕೊಟ್ಟಳು. ಹೇಳಲಿಲ್ಲ. ದೇವರ ಮನೆಯೊಳಗೆ ಹೋಗಿ ನಿಂತಳು, ಅಲ್ಲಿಯೂ ನಿಲ್ಲಲಾಗದೆ ಹೊರಗೆ ಬಂದಳು. ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಅವಳಿಗೆ ಆಗ ಬೇಕಾಗಿದ್ದದ್ದು ಒಂದೇ: ಯಾರಾದರೂ ಬಂದು, ಇದು ದ್ರಾಕ್ಷಿಯಿಂದ ಆದದ್ದಲ್ಲ ಎಂದು ಹೇಳಬೇಕಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆಯಾಯಿತು.

ಹಿತ್ತಿಲಿನಲ್ಲಿ ಅರಳೆ ಎದ್ದು ನಿಂತಿತು. ತೂರಾಡುತ್ತಾ ತೆಂಗಿನ ಮರದ ಬುಡಕ್ಕೆ ಹೋಗಿ ಹಿಂಗಾಲೆತ್ತಿತು. ಕಾಂತಮ್ಮ ಬಾಗಿ ನೋಡಿದಳು. ಒಂದು ಹನಿಯೂ ಬರಲಿಲ್ಲ. ಎತ್ತಿದ ಕಾಲು ನಡುಗುತ್ತಿತ್ತು. ನಾಯಿ ಹಾಗೇ ಪಕ್ಕಕ್ಕೆ ಉರುಳಿ, ತಪ್ಪು ಮಾಡಿದವರ ಹಾಗೆ ಅವಳನ್ನೇ ನೋಡಿತು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಲೋ ರಾಜು!" ಎಂದು ಕೂಗಿಕೊಂಡಳು. "ದ್ರಾಕ್ಷಿ ತಿಂದೈತೆ ಕಣೋ ಅದು! ಹಾಸ್ನುಕ್ಕೆ ನಡಿ!"

ಗಂಡ, ಮಗ ಇಬ್ಬರೂ ಓಡಿಬಂದರು. ಯಾವ ದ್ರಾಕ್ಷಿ, ಯಾವಾಗ, ಎಲ್ಲಿ ಎಂದರು. ಅಷ್ಟು ಧೈರ್ಯ ಮಾಡಿದವಳು ಅಲ್ಲಿಗೆ ಬಂದು ಮತ್ತೆ ಜಾರಿದಳು. "ತಟ್ಟೆಯಾಗಿನ್ದು... ತಿಂದೈತೆ" ಎಂದಳಷ್ಟೇ. ಚನ್ನಬಸವಯ್ಯನೇ ಮಿಕ್ಕದ್ದನ್ನು ತುಂಬಿಸಿಕೊಂಡ. "ಹುಡುಗ್ರು ಬಿಟ್ಟಿದ್ ತಟ್ಟೆ ನೆಕ್ಕೈತೆ. ಆಯ್ತು ಬುಡು, ಡಾಕ್ಟ್ರಿಗೆ ದ್ರಾಕ್ಷಿ ಅಂತಷ್ಟೇ ಹೇಳಿ. ಪಾದಪೂಜೆ, ಪ್ರಸಾದ ಅಂತೆಲ್ಲ ಹೊರಗಡೆ ಯಾರೂ ಮಾತಾಡ್ಬ್ಯಾಡಿ" ಎಂದ. ರಾಜಶೇಖರ್ ತಲೆ ತಗ್ಗಿಸಿ ಕಾರು ತೆಗೆದ. ನೋವಿನಲ್ಲಿದ್ದ ನಾಯಿ ಬೇರೆ ಯಾರು ಎತ್ತಲು ಹೋದರೂ ಹಲ್ಲು ಕಿರಿಯುತ್ತಿದ್ದುದರಿಂದ ಗಂಗಯ್ಯನೂ ಹೊರಡಬೇಕಾಯಿತು. ಕ್ಷಮಿಸು ಎಂದು ಯಾರೂ ಅನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕಡೆ ಅವನು, ಇನ್ನೊಂದು ಕಡೆ ಕಾಂತಮ್ಮ, ಇಬ್ಬರ ತೊಡೆಯ ಮೇಲೂ ಅರ್ಧರ್ಧ ನಾಯಿ.

ಹಾಸನದ ಪಶು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಕಿಡ್ನಿಗೆ ಪೆಟ್ಟು ಬಿದ್ದಿರುವುದು ನಿಜ ಎಂದರು. ಮುಂಗಾಲಿನ ಬಿಳಿ ಕೂದಲನ್ನು ಒಂದು ಬೆರಳಗಲ ಬೋಳಿಸಿ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. "ನೀರು ನಾವು ಒಳಗೆ ಕಳಿಸಬಹುದು. ಹೊರಗೆ ಕಳಿಸೋದು ಕಿಡ್ನಿ ಕೆಲಸ. ಉಚ್ಚೆ ಬಂದ್ರೆ ಆಸೆ ಇಟ್ಕೊಳ್ಳಿ" ಎಂದಳು ಅಲ್ಲಿನ ಲೇಡಿ ಡಾಕ್ಟರು. ಆ ಸಂಜೆ ಬರಲಿಲ್ಲ. ರಾತ್ರಿ ಕಾಂತಮ್ಮ ಹಾಸನದಲ್ಲೇ ತಂಗಿಯ ಮನೆಯಲ್ಲಿ ಉಳಿದಳು. ಬೆಳಗಿನ ಪೂಜೆಯಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಬೇಡಿದ್ದು ಏನೆಂದು ತಂಗಿ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಮೋಕ್ಷ ಅಲ್ಲ, ಆರೋಗ್ಯ ಅಲ್ಲ, ನಾಯಿಯ ಉಚ್ಚೆ.

ಗಂಗಯ್ಯ ರಾತ್ರಿ ಊರಿಗೆ ಹೋದವನು ಬುಧವಾರ ಬೆಳಗ್ಗೆ ಮೊದಲ ಬಸ್ಸಿಗೇ ಮತ್ತೆ ಬಂದಿದ್ದ. ಎರಡನೆಯ ಬಾಟಲಿ ಮುಗಿಯಿತು, ಮೂರನೆಯದು ಹಾಕಿದರು. ಆಸ್ಪತ್ರೆಯ ವರಾಂಡದಲ್ಲಿ ಕಾಂತಮ್ಮ ಈ ತುದಿಯಿಂದ ಆ ತುದಿಗೆ ನಡೆದಳು, ಆ ತುದಿಯಿಂದ ಈ ತುದಿಗೆ ನಡೆದಳು. ಹಸುವಿಗೆ ಕಾದವರು, ಕುರಿಗೆ ಕಾದವರು ಅವಳನ್ನೇ ನೋಡುತ್ತಿದ್ದರು. "ಒಂದ್ ಗಳಿಗೆ ಕೂತ್ಕಳಿ ಅಮ್ಮ. ನಿಮ್ನ ನೋಡಿ ಅದುಕ್ಕೂ ಗಾಬ್ರಿ" ಎಂದ ಗಂಗಯ್ಯ. ಬೆಂಚಿನ ಮೇಲೆ ಕೂತು ಅರಳೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಗಂಗಯ್ಯ ಬಾಟಲಿ ಎತ್ತಿ ಹಿಡಿದು ಪಕ್ಕದಲ್ಲಿ ನಿಂತ. ಎಷ್ಟು ಹೊತ್ತು ಕೂತಿದ್ದಳೋ, ತೊಡೆ ಬೆಚ್ಚಗಾಯಿತು. ಆ ಬಿಸುಪು ಸೀರೆ ದಾಟಿ, ಲಂಗ ದಾಟಿ, ಮೊಣಕಾಲಿನಿಂದ ಇಳಿದು ನೆಲಕ್ಕೆ ತೊಟ್ಟಿಕ್ಕಿತು.

"ಹುಯ್ತು!" ಎಂದಳು. "ಗಂಗಯ್ಯ, ಹುಯ್ತು ಕಣೋ! ನೋಡು, ಇನ್ನೂ ಹುಯ್ತಾ ಐತೆ!"

ಮೈಲಿಗೆ ಎಂದರೆ ಮೂರು ಮಾರು ಹಾರುವ ಹೆಂಗಸು, ನೆನೆದ ಸೀರೆಯಲ್ಲಿ ಅಲುಗಾಡದೆ ಕೂತು ಅಳುತ್ತಾ ನಗುತ್ತಿದ್ದಳು. ಡಾಕ್ಟರು ಬಂದು ನೋಡಿ, ಇನ್ನೆರಡು ದಿನ ಡ್ರಿಪ್ ಬೇಕು, ಆದರೆ ದಾರಿಗೆ ಬಂತು ಎಂದಳು. ಗಂಗಯ್ಯ ಬಾಟಲಿಯನ್ನು ಕೊಕ್ಕೆಗೆ ಸಿಕ್ಕಿಸಿ, ನಾಯಿಯ ಕಿವಿಯ ಹಿಂದಿನ ಸಿಕ್ಕನ್ನು ಬೆರಳಲ್ಲೇ ಬಿಡಿಸಿ, ಚೀಲ ಹೆಗಲಿಗೇರಿಸಿದ.

"ನಾನಿನ್ನು ಬತ್ತೀನಮ್ಮ."

"ಬರೋ ಭಾನುವಾರ ಮನೇಗೆ ಬತ್ತೀಯಲ್ಲ? ಮೈಯೆಲ್ಲ ಸಿಕ್ಕು ಸಿಕ್ಕಾಗೈತೆ."

"ಇಲ್ಲ ಬುಡಿ. ಬೇರೆ ಯಾರ್ನಾದ್ರೂ ನೋಡ್ಕಳಿ."

ಗಂಗಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಚುಚ್ಚಿತು. "ನೆನ್ನೆಯಿಂದ ಏಳ್ ಮನೆಯೋರು ಫೋನ್ ಮಾಡುದ್ರು, ನಮ್ಮನೇಗೆ ಬರ್ಬ್ಯಾಡ ಅಂತ. ಒಬ್ರು ಕಳ್ಳ ಡಾಕ್ಟ್ರು ಅಂದ್ರು. ಮೂವತ್ ವರ್ಸ ಆಸ್ಪತ್ರೇಲಿದ್ದೆ, ಒಂದ್ ದಿನಾನೂ ನಾನು ಡಾಕ್ಟ್ರು ಅಂದವನಲ್ಲ" ಎಂದ. ನಾಯಿಯ ತಲೆ ಸವರಿ ಹೊರಟುಹೋದ.

ರಾಜಶೇಖರ್ ಔಷಧಿ ಅಂಗಡಿಯಿಂದ ಬಂದಾಗ ತಾಯಿ ಕೇಳಿದಳು. "ಗಂಗಯ್ಯಂದು ತಪ್ಪಿಲ್ಲ ಅಂತ ಗುಂಪಿಗೆ ಹಾಕ್ದೇನೋ?"

"ಹಳೇದು ಡಿಲೀಟ್ ಮಾಡ್ದೆ ಅಮ್ಮ."

"ಓದಿರೋರ ತಲೆಯಿಂದ ಡಿಲೀಟ್ ಆಗೈತಾ?"

"ದ್ರಾಕ್ಷಿ ಅಂದ್ರೆ ಎಲ್ಲಿಯ ದ್ರಾಕ್ಷಿ ಅಂತ ಕೇಳ್ತಾರೆ. ಅಪ್ಪ ಬೇಡ ಅಂದ್ರು. ಬಿಡು, ನಾಲ್ಕು ದಿನ ಆದ್ರೆ ಎಲ್ರೂ ಮರೀತಾರೆ."

ನಾಲ್ಕು ದಿನ ಹಾಗಿರಲಿ, ಕಾಂತಮ್ಮನಿಗೆ ನಾಲ್ಕು ನಿಮಿಷ ಕಳೆಯುವುದೂ ಕಷ್ಟವಾಯಿತು. ಮಗ ಚೀಟಿ ಹಿಡಿದು ಮತ್ತೆ ಕೌಂಟರಿಗೆ ಹೋದದ್ದೇ, ಚೀಲದಿಂದ ತನ್ನ ಫೋನು ತೆಗೆದಳು. ತೊಡೆಯ ಮೇಲೆ ಅರಳೆ ಮಲಗಿತ್ತು, ಏಳುವ ಹಾಗಿರಲಿಲ್ಲ. ಗುಂಪು ಹುಡುಕಿ, ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಾಯಿಯ ಹತ್ತಿರ ತಂದಳು.

"ನಾನು ಕಾಂತಮ್ಮ ಮಾತಾಡ್ತಿರೋದು, ಹಳೇಬೀಡು, ಕೊಬ್ಬರಿ ಚನ್ನಬಸವಯ್ಯನೋರ ಮನೆಯೋಳು. ನಮ್ ನಾಯಿ ಕಾಯ್ಲೆ ಬಿದ್ದಿದ್ದು ಔಷದಿಯಿಂದ ಅಲ್ಲ. ದ್ರಾಕ್ಷಿಯಿಂದ. ತಟ್ಟೆ ನೆಕ್ಕಿದ್ದೂ ಅಲ್ಲ. ಸ್ವಾಮಿಗುಳ ಪ್ರಸಾದುದ್ ಸಜ್ಜಿಗೇಲಿದ್ದ ದ್ರಾಕ್ಷಿನ ನಾನೇ ಆರ್ಸಿ, ನನ್ ಕೈಯಾರ ತಿನ್ಸಿದ್ದು, ಮೂರ್ ಹಿಡಿ. ಪ್ರಸಾದುದ್ ತಪ್ಪಲ್ಲ ಅದು, ನಂದು. ಡಾಕ್ಟ್ರು ಕೇಳಿದ್ರೆ ಸುಳ್ಳು ಹೇಳ್ದೆ. ನಾನ್ ಸುಳ್ಳು ಹೇಳಿದ್ದುಕ್ಕೆ ನನ್ ಮಗ ಗಂಗಯ್ಯನೋರ ಮೇಲೆ ಬರ್ದ. ಗಂಗಯ್ಯನೋರು ಇಲ್ದಿದ್ರೆ ಇವತ್ತು ನಾಯಿ ಇರ್ತಿರ್ಲಿಲ್ಲ. ಅವ್ರುನ್ನ ಬರ್ಬ್ಯಾಡ ಅಂದಿರೋರು ಫೋನ್ ಮಾಡಿ ತಪ್ಪಾಯ್ತು ಅನ್ನಿ. ನಾನೂ ಅಂತೀನಿ. ನಿಮ್ ನಾಯಿಗುಳ್ಗೆ ಯಾರೂ ದ್ರಾಕ್ಷಿ ಹಾಕ್ಬ್ಯಾಡಿ, ಪ್ರಸಾದ ಆದ್ರೂ ಸೈಯೆ."

ಬೆರಳು ತೆಗೆದಳು. ಹೋಯಿತು.

ಚನ್ನಬಸವಯ್ಯ ಎರಡು ದಿನ ಮಾತು ಬಿಟ್ಟ. ಮಠದ ಹೆಂಗಸರು ಸಿಕ್ಕಾಗ ಹಾಗೆ ಹೇಳಬಹುದಿತ್ತೇ ಎಂದರು. ಹೇಳಬೇಕಿತ್ತು ಎಂದಳು ಕಾಂತಮ್ಮ. ಶುಕ್ರವಾರ ನಾಯಿ ಮನೆಗೆ ಬಂದ ಸಂಜೆ ಗಂಗಯ್ಯನ ಫೋನು ಬಂತು. "ಯಾರೋ ಕಳ್ಸಿದ್ರಂತೆ, ಮಗ್ಳು ಧನು ಕೇಳುಸ್ದ್ಲು. ಕೇಳುಸ್ಕಂಡೆ ಅಮ್ಮ" ಎಂದ. "ಉಚ್ಚೆ ಸರಿಯಾಗಿ ಹುಯ್ತೈತಾ?" ಎಂದು ಕೇಳಿದ. ಹುಯ್ಯುತ್ತೆ ಎಂದಳು. "ತಪ್ಪಾಯ್ತು ಗಂಗಯ್ಯನೋರೆ" ಎಂದಳು. ಭಾನುವಾರ ಬರುತ್ತೀರಾ ಎಂದು ಕೇಳಿದಳು. "ನೋಡಾನ" ಎಂದ.

ಭಾನುವಾರ ಬೆಳಗ್ಗೆ ಎಂಟಕ್ಕೇ ಬಿಸಿನೀರು ಕಾದಿತ್ತು. ಬೇಲೂರಿನ ಬಸ್ಸು ಬಂದು ನಿಂತ ಸದ್ದಾದಾಗ ಅರಳೆ ಎದ್ದು ಮುಂಬಾಗಿಲಿಗೆ ಓಡಿತು. ಇಳಿದವರು ಇಬ್ಬರು, ಬೇರೆ ಯಾರೋ. ಒಂಬತ್ತೂವರೆಯ ಬಸ್ಸಿಗೂ ಓಡಿತು, ಹನ್ನೊಂದರ ಬಸ್ಸಿಗೂ ಓಡಿತು. ಕಾಂತಮ್ಮ ಆರಿದ ನೀರನ್ನು ಮತ್ತೆ ಕಾಯಿಸಿದಳು. ಮಧ್ಯಾಹ್ನದ ಬಸ್ಸು ಕೆರೆ ಏರಿಯ ಕಡೆಯಿಂದ ಹಾರನ್ ಹಾಕಿದಾಗ ನಾಯಿ ಇನ್ನೂ ಕಿವಿ ನಿಮಿರಿಸುತ್ತಿತ್ತು, ಅವಳಾಗಲೇ ಸೆರಗು ಸರಿಮಾಡಿಕೊಂಡು ಬೀದಿಗೆ ಇಳಿದಿದ್ದಳು.